ಓಡುತ್ತಿರುವಾಗಲೇ ಇಳಿಸಿದ ಪಂಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. 2016ರ ಮಾರ್ಚ್. ಬಂದ್ಯೋಡು ಪೇಟೆಯಿಂದ ಒಳಗೆ, ಗುಡ್ಡದ ಬುಡದ ಪಂಪ್ ಶೆಡ್ಡಿನಲ್ಲಿ ದಮಯಂತಿ ಪೈಪಿಗೆ ಕಿವಿಗೊಟ್ಟು ನಿಂತಿದ್ದಾರೆ. ಐವತ್ತೆರಡು ಮನೆಗಳಿಗೆ ಕುಡಿಯುವ ನೀರು ಬಿಡುವ ನೀರೆ ಇವರು. ಪಂಪಿನ ದನಿಯನ್ನು ಥೇಟ್ ಅನುಕರಿಸಬಲ್ಲರು. "ಗುಂಯ್ ಅಂದ್ರೆ ಆರಾಮ. ಕರ್ರ್ ಅಂದ್ರೆ ಬೇರಿಂಗಿಗೆ ವಾತ." ಇಂದು ಹಳೆಯ ಪಂಪು ಮೌನವ್ರತದಲ್ಲಿದೆ, ಪಕ್ಕದ ಹೊಸದು ಮೊದಲ ಸಲ ತಿರುಗಲಿದೆ.

ಹಳೆಯದು ಕೆಟ್ಟಿಲ್ಲ. ನೀರಿನ ಸಮಿತಿಯಲ್ಲಿ ತಕರಾರು ಎದ್ದದ್ದೇ ಅದಕ್ಕೆ. ಅಧ್ಯಕ್ಷ ಜಯಪಾಲ ನಕ್ಕಿದ್ದರು: "ಎಂತ ದಮಯಂತಿಯಕ್ಕ, ಓಡುವ ಪಂಪಿಗೂ ಪಿಂಚಣಿ ಉಂಟಾ?"

"ಓಡುವಾಗಲೇ ಇಳಿಸ್ಬೇಕು ಮಾರಾಯ್ರೇ. ಬಿದ್ದ ಮೇಲೆ ಇಳಿಸುದಲ್ಲ, ಹೊರುದು."

ಮಾತಿನ ಹಿಂದೆ ಒಂದು ಕಹಿ ಬೇಸಗೆಯಿದೆ. ಒಂಬತ್ತು ವರ್ಷಗಳ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ ಆಗಿನ ಪಂಪು ಸುಟ್ಟುಹೋದಾಗ ಸಮಿತಿಯವರು ಗಡಿಬಿಡಿಯಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ತಂದರು. ಅದೇ ಈಗಿನ ಹಳೆಯ ಪಂಪು. ಅದು ಓಡಿತು, ಆದರೆ ನೀರು ಗುಡ್ಡ ಹತ್ತಲಿಲ್ಲ. ತುದಿಯ ನಾಲ್ಕು ಮನೆಗಳವರು ಅಂದಿನಿಂದ ಕೊಡ ಹೊತ್ತೇ ಹತ್ತುತ್ತಿದ್ದಾರೆ. ಬೈಗುಳ ಮಾತ್ರ ನೇರ ದಮಯಂತಿಯವರಿಗೆ.

ಹಾಗಾಗಿ ಈ ಸಲ ಅವರು ಉಪ್ಪಳದ ಮೆಕ್ಯಾನಿಕ್ ಹರಿನಾರಾಯಣನನ್ನೇ ಗುಡ್ಡ ಹತ್ತಿಸಿದರು. ತುದಿಯಲ್ಲಿ ಆತ ಏದುಸಿರು ಬಿಟ್ಟಾಗ, "ನೀರಿಗೂ ಹೀಗೇ ಆಗುದು. ಈಗ ಹೇಳು, ಯಾವ ಪಂಪು?" ಎಂದರು. ಬಿಡಿಭಾಗ ಉಪ್ಪಳದಲ್ಲೇ ಸಿಗುತ್ತದೆಯೇ, ಮುಂದೊಂದು ದಿನ ಗೋಡೆ ಒಡೆಯದೆ ಹೊರಗೆ ತೆಗೆಯಬಹುದೇ ಎಂದೂ ಕೇಳಿದರು. "ತರುವ ಮೊದಲೇ ಕಳಿಸುವ ಯೋಚನೆಯಾ ಅಕ್ಕ?" ಎಂದು ಆತ ಬೆವರೊರೆಸಿಕೊಂಡ.

ಹಳೆಯದನ್ನು ಈ ಬೇಸಗೆ ಗುಜರಿಗೆ ಹಾಕುವುದಿಲ್ಲ ಎಂದು ದಮಯಂತಿ ಮೊದಲೇ ಹೇಳಿಯಾಗಿದೆ: "ಸೊಸೆಗೆ ಒಲೆ ಪಳಗುವವರೆಗೆ ಅತ್ತೆ ಮನೆಯಲ್ಲೇ ಇರ್ಲಿ."

ದಮಯಂತಿ ಸ್ವಿಚ್ ಒತ್ತುತ್ತಾರೆ. ಗುಂಯ್. ಜಯಪಾಲರೂ ಬಾಗಿಲಿಗೆ ಬಂದು ಗುಡ್ಡದ ತುದಿ ನೋಡುತ್ತಾರೆ. ಕೊನೆಗೆ ಮೊಬೈಲು ಬಡಿದುಕೊಳ್ಳುತ್ತದೆ. ತುದಿಯ ಮನೆಯ ವಸುಮತಿ: "ಅಕ್ಕಾ, ನೀರು ಬಂತು! ನಳ್ಳಿ ಕೆಮ್ಮಿ ಕೆಮ್ಮಿ ಬಂತು!"

"ಪಿಂಚಣಿ ಮಂಜೂರು," ಎನ್ನುತ್ತಾರೆ ಜಯಪಾಲ.

ದಮಯಂತಿ ಸೆರಗಿನಿಂದ ಹಳೆಯ ಪಂಪಿನ ಧೂಳು ಒರೆಸುತ್ತಾರೆ. ಈಗ ಅವರು ನೆರೆಮನೆಯ ರಶ್ಮಿತಾಳಿಗೆ ಕೆಲಸ ಕಲಿಸುತ್ತಿದ್ದಾರೆ. "ನನಗೂ ಪ್ರಾಯ ಆಯ್ತಲ್ಲ. ಕೈಕಾಲು ಗಟ್ಟಿ ಇರುವಾಗಲೇ ಬಿಡ್ಬೇಕು. ನಾನು ಬಿಟ್ಟದ್ದು ಯಾವ ಮನೆಯ ನಳ್ಳಿಗೂ ಗೊತ್ತಾಗ್ಬಾರ್ದು."