ತಲೆ ಎತ್ತಿ ಕೂತ ಹುಳ

ಇವತ್ತು ಮಗಳು ಹುರುಳಿಕಾಯಿ ಪಲ್ಯ ನೋಡಿದ್ದೇ ತಡ, ಬಾಯಿ ಬಿಗಿದು, ತಲೆ ಎತ್ತಿ ಕೂತುಬಿಟ್ಟಳು. ಥೇಟ್ ಹೊಂಗನೂರಿನ ನಮ್ಮ ತವರುಮನೆ ರೇಷ್ಮೆ ಹುಳ!

ಪೊರೆ ಬಿಡುವ ಮುಂಚೆ ಹುಳಗಳು ಹಾಗೇ ತಲೆ ಎತ್ತಿ, ನಿದ್ದೆ ಹೋದಂತೆ ಕೂರುತ್ತಿದ್ದವು. ಹಿಪ್ಪುನೇರಳೆ ಸೊಪ್ಪನ್ನು ಮೂಸಿಯೂ ನೋಡುತ್ತಿರಲಿಲ್ಲ. ಆಗ ಅಜ್ಜಿ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. "ಸುಮ್ಕಿರಿ, ಎದ್ಮೇಲೆ ತಾವೇ ತಿಂತವೆ."

ಅದೇ ಅಜ್ಜಿ ನನಗೆ ಮಾತ್ರ ಬಸ್ಸಾರಿನ ಸೊಪ್ಪಿನ ಪಲ್ಯವನ್ನು ಮುದ್ದೆ ತುತ್ತಿನೊಳಗೆ ಬಚ್ಚಿಟ್ಟು ತುರುಕುತ್ತಿದ್ದಳು. ಮುದ್ದೆ ಅಗಿಯದೆ ನುಂಗುತ್ತೀವಲ್ಲ, ಗೊತ್ತಾಗಲ್ಲ ಅಂತ ಅವಳ ಧೈರ್ಯ. ಒಂದು ಬೆಳಗ್ಗೆ ದಂಟಿನ ನಾರು ಗಂಟಲಿಗೆ ಸಿಕ್ಕಿಕೊಂಡಿತು. ಉಗಿದು ಎದ್ದು ನಿಂತೆ.

"ಹುಳಕ್ಕೆ ಬಲವಂತ ಮಾಡಲ್ಲ, ನಂಗ್ಯಾಕ್ ಮಾಡ್ತೀಯ? ನಾನು ಹುಳಕ್ಕಿಂತ ಕಡೇನಾ?"

ಅಮ್ಮ ಹೊಡೆಯಲು ಕೈ ಎತ್ತಿದಳು. ಅಜ್ಜಿ ತಡೆದಳು. "ಬುಡು, ನ್ಯಾಯವಾಗೇ ಕೇಳ್ತಾವ್ಳೆ," ಅಂದು ನನ್ನ ತಟ್ಟೆಯನ್ನೇ ಎತ್ತಿಟ್ಟಳು. ಮಧ್ಯಾಹ್ನ ಊಟಕ್ಕೆ ಯಾರೂ ಕರೆಯಲಿಲ್ಲ. ಹಟಕ್ಕೆ ಸಂಜೆವರೆಗೆ ತಡೆದೆ. ಆಮೇಲೆ ನಾನೇ ಅಡುಗೆಮನೆಗೆ ಹೋಗಿ, ಮುದ್ದೆಯ ಪಕ್ಕ ಪಲ್ಯವನ್ನೂ ಹಾಕಿಕೊಂಡು ತಿಂದೆ. ಸೋತೆ ಅಂತ ಇವತ್ತಿಗೂ ಒಪ್ಪಲ್ಲ. ಯಾರೂ ತುರುಕಲಿಲ್ಲ, ನಾನೇ ತಿಂದೆ.

ಇಲ್ಲಿ ನನ್ನ ಗಂಡ ಮೊಬೈಲಲ್ಲಿ ಕಾರ್ಟೂನ್ ಹಾಕಿ, ಚಪಾತಿಯೊಳಗೆ ಪಲ್ಯ ಬಚ್ಚಿಟ್ಟು ಸುತ್ತಿ ರೆಡಿಯಾಗಿದ್ದರು. ಮೊಬೈಲ್ ಕಿತ್ತುಕೊಂಡೆ. ಚಪಾತಿ ಬಿಚ್ಚಿ, ಪಲ್ಯವನ್ನು ಮಗಳ ಕಣ್ಣೆದುರೇ ಇಟ್ಟೆ.

"ಮಗೂನ ಉಪವಾಸ ಕೆಡವ್ತೀಯಾ?" ಅಂದರು.

"ಸುಮ್ಕಿರಿ. ಎದ್ಮೇಲೆ ತಾನೇ ತಿಂತಾಳೆ."