ಪೂಜೆಗೊಂಡ ಕಟ್ಟಿಗೆ

ಅಗಸೆ ಎಣ್ಣೆಯ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಗಸೆ ಚಟ್ನಿಯ ಮಾತು ಬೇರೆ, ಅದಿಲ್ಲದಿದ್ದರೆ ನನಗೆ ರೊಟ್ಟಿ ಇಳಿಯುವುದಿಲ್ಲ. ನಾನು ಹೇಳುತ್ತಿರುವುದು ಎಣ್ಣೆಯನ್ನು ಕಟ್ಟಿಗೆಗೆ ತಿಕ್ಕಿದಾಗ ಏಳುವ ಜಿಡ್ಡು ವಾಸನೆ. ಮೊನ್ನೆ ಬಾಗೇವಾಡಿಯ ನಮ್ಮ ಮನೆಯೆದುರು ಬಡಿಗೇರ ಅಣ್ಣ ಹೊಸ ಬಾಗಿಲೊಂದಕ್ಕೆ ಅದನ್ನು ತಿಕ್ಕುತ್ತ ಕೂತಿದ್ದ. ಶಾಲೆಗೆ ಹೊರಟಿದ್ದ ನಾನು ನಿಂತಲ್ಲೇ ಹಲ್ಲು ಕಚ್ಚಿದೆ. "ಯಾಕ್ರಿ ಅಕ್ಕಾರ, ಏನಾತ್ರಿ?" ಅಂದ. ಏನೆಂದು ಹೇಳಲಿ? ಸತ್ತವರ ಮೇಲೆ ನಡುಬೀದಿಯಲ್ಲಿ ನಿಂತು ಸಿಟ್ಟಾಗುವುದು ಚಂದ ಕಾಣುವುದಿಲ್ಲ. ಏನಿಲ್ಲ ಅಂದು ನಡೆದೆ.

ನಾನು ಹುಟ್ಟಿ ಬೆಳೆದ ಇಂಡಿಯಲ್ಲಿ ಅವರನ್ನು ಎಲ್ಲರೂ ಹವಾಲ್ದಾರರು ಎಂದೇ ಕರೆಯುತ್ತಿದ್ದರು. ನಮಗೆ, ಓಣಿಯ ಮಕ್ಕಳಿಗೆ, ಹವಾಲ್ದಾರ ಕಾಕಾ. ಸೈನ್ಯದಿಂದ ನಿವೃತ್ತರಾಗಿ ಬಂದವರು ಓಣಿಯ ತುದಿಗೆ ಖಾಲಿ ಬಿದ್ದಿದ್ದ ನಿಂಬೆಕಾಯಿಯ ಗೋದಾಮಿನಲ್ಲಿ ಏರ್ ರೈಫಲ್ ಗುರಿ ಕಲಿಸಲು ಶುರು ಮಾಡಿದ್ದರು. ಗೋದಾಮಿನ ಗೋಡೆಗಳಿಗೆ ಅಂಟಿದ್ದ ಹಳೆಯ ನಿಂಬೆಯ ಹುಳಿ ವಾಸನೆ, ಅದರ ಮೇಲೆ ಈ ಎಣ್ಣೆಯ ವಾಸನೆ... ಪ್ರತಿ ರವಿವಾರ ಅವರು ಬಂದೂಕನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬರಿಗೈಯಲ್ಲಿ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ಎಳೆಗೂಸಿಗೆ ಎಣ್ಣೆ ಹಚ್ಚುವ ಬಾಣಂತಿಯರೂ ಅಷ್ಟು ನಾಜೂಕಾಗಿ ಹಚ್ಚಲಿಕ್ಕಿಲ್ಲ. ಆ ನಾಜೂಕು ಕಟ್ಟಿಗೆಗೆ ಮಾತ್ರ. ನಮ್ಮ ಜೊತೆ ಅವರ ಮಾತು ಕಲ್ಲೆಸೆದ ಹಾಗಿರುತ್ತಿತ್ತು.

ಒಂದು ಮಾತು ಮಾತ್ರ ಒಪ್ಪಿಕೊಳ್ಳುತ್ತೇನೆ. ಹುಡುಗಿಯರಿಗೂ ಕಲಿಸುತ್ತೇನೆಂದು ಅವರೇ ಮನೆಮನೆಗೆ ಬಂದು ಹೇಳಿದ್ದರು. ನಮ್ಮ ಅಪ್ಪ ಮೊದಲು ನಕ್ಕು, ಆಮೇಲೆ ಕಳಿಸಿದರು. ಇಷ್ಟು ಒಳ್ಳೆಯದು ಹೇಳಿದ್ದು ಸಾಕು.

ಇದ್ದದ್ದು ಒಂದೇ ಬಂದೂಕು, ಅವರ ಸ್ವಂತದ್ದು. ಅವರೋ ಆರಡಿಯ ಆಳು. ಬಂದೂಕಿನ ಹಿಂದುಗಡೆ ಭುಜಕ್ಕೆ ಆನಿಸುವ ಕಟ್ಟಿಗೆಯ ಭಾಗವನ್ನು ಅವರು ಬಟ್ಟು ಅನ್ನುತ್ತಿದ್ದರು. ಆ ಬಟ್ಟು ಅವರ ತೋಳಿಗೆ ತಕ್ಕಷ್ಟು ಉದ್ದ, ಹಿಡಿಕೆ ಅವರ ಅಂಗೈಗೆ ತಕ್ಕಷ್ಟು ದಪ್ಪ. ನಾನು ಎಂಟನೇ ತರಗತಿಯ ಹುಡುಗಿ, ಆ ಗುಂಪಿನಲ್ಲೇ ಗಿಡ್ಡ. ಬಟ್ಟು ನನ್ನ ಭುಜದಲ್ಲಿ ಕೂಡುತ್ತಲೇ ಇರಲಿಲ್ಲ, ಜಾರಿ ಕಂಕುಳ ಹತ್ತಿರ ಹೋಗುತ್ತಿತ್ತು. ಅದನ್ನು ಹಿಡಿದು ನಿಲ್ಲಬೇಕೆಂದರೆ ಸೊಂಟ ಹಿಂದಕ್ಕೆ ಬಾಗಿಸಿ, ಕುತ್ತಿಗೆ ಮುಂದಕ್ಕೆ ಚಾಚಬೇಕು. ಹಿಡಿಕೆಯ ಸುತ್ತ ನನ್ನ ಬೆರಳು ಬಳಸುತ್ತಿರಲಿಲ್ಲ. ತೋರುಬೆರಳಿನ ತುದಿ ಹೇಗೋ ಟ್ರಿಗರ್ ಮುಟ್ಟುತ್ತಿತ್ತು, ಎಳೆದ ಕೂಡಲೇ ಬಂದೂಕು ಒಂದು ಬದಿಗೆ ಹೊರಳುತ್ತಿತ್ತು. ಆದರೂ ನನ್ನ ಗುರಿ ಉಳಿದವರಿಗಿಂತ ಚೆನ್ನಾಗಿತ್ತು. ಇದನ್ನು ಜಂಬದಿಂದ ಹೇಳುತ್ತಿಲ್ಲ, ಕಾಕಾಗೂ ಅದು ಗೊತ್ತಿತ್ತು. ನನಗೆ ಬೆಳಗಾವಿಯ ಆಯ್ಕೆಗೆ ಹೋಗಬೇಕಿತ್ತು, ಅಲ್ಲಿ ಗೆದ್ದು ರಾಜ್ಯದ ತಂಡ ಸೇರಬೇಕಿತ್ತು. ಆ ವಯಸ್ಸಿನಲ್ಲಿ ನನಗೆ ಬೇರೆ ಯಾವ ಆಸೆಯೂ ಇದ್ದಂತೆ ನೆನಪಿಲ್ಲ.

ಆ ವರ್ಷ ಮಹಾನವಮಿಯ ದಿನ ಅವರ ಮನೆಗೆ ಖಂಡೆ ಪೂಜೆಗೆ ಹೋಗಿದ್ದೆವು. ಕುಡುಗೋಲು, ಕತ್ತರಿ, ಕೊಡಲಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು, ನಡುವೆ ಬಂದೂಕು. ಅದಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಎಲ್ಲರೂ ಖುಷಿಯಲ್ಲಿದ್ದಾರೆ, ಕೇಳಲು ಇದೇ ಒಳ್ಳೆಯ ಹೊತ್ತು ಅಂದುಕೊಂಡು ಪ್ರಸಾದ ತೆಗೆದುಕೊಳ್ಳುತ್ತಲೇ ಕೇಳಿದೆ. "ಕಾಕಾ, ಬಟ್ಟು ಒಂದೀಟು ಕೊಯ್ಸ್ರಿ. ನನಗ ಭಾಳ ಉದ್ದ ಆಗ್ತೈತಿ."

ಅವರ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಪೂಜಿ ತೊಗೊಂಡ ಕಟಗಿಗೆ ಕರಗಸ ಹಚ್ಚಂತಿಯೇನ? ಬಂದೂಕ ನಿನ್ನ ಅಳತಿಗೆ ಹುಟ್ಟಿಲ್ಲ. ನೀ ಅದರ ಅಳತಿಗೆ ಬೆಳಿ."

ಮರುದಿನ ಸಂಜೆ, ಸಿಟ್ಟು ಇಳಿಯದಿದ್ದರೂ, ಬನ್ನಿ ಹಿಡಿದುಕೊಂಡು ಅವರ ಮನೆಗೆ ಹೋದೆ. ನಮ್ಮ ಕಡೆ ರೂಢಿಯೇ ಹಾಗೆ. ದಸರೆಯ ಸಂಜೆ ಹಿರಿಯರು ಮನೆಯಲ್ಲಿ ಕೂತಿರುತ್ತಾರೆ, ಕಿರಿಯರು ಬನ್ನಿ ಒಯ್ದು ಅವರ ಕೈಗಿಟ್ಟು ಕಾಲಿಗೆ ಬೀಳಬೇಕು. ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ನಾನೂ ಅಂದೆ. ಅವರೂ ತಲೆ ಮುಟ್ಟಿ ಹರಸಿದರು. ಬಟ್ಟು ಮಾತ್ರ ಇದ್ದಷ್ಟೇ ಉದ್ದ ಇತ್ತು.

ಮುಂದಿನ ಮಳೆಗಾಲದಲ್ಲಿ ಬೆಳಗಾವಿಗೆ ಹೋದೆವು. ನನ್ನ ಪಕ್ಕದಲ್ಲಿ ನಿಂತ ಹುಡುಗಿಯೂ ನನ್ನಷ್ಟೇ ಗಿಡ್ಡ. ಆದರೆ ಅವಳ ಬಂದೂಕು ಅವಳ ಭುಜದಲ್ಲಿ ಹೇಳಿ ಮಾಡಿಸಿದ ಹಾಗೆ ಕೂತಿತ್ತು, ಹಿಡಿಕೆಯಲ್ಲಿ ಅವಳ ಹೆಬ್ಬೆರಳಿಗೆಂದೇ ಒಂದು ತಗ್ಗು ಕೆತ್ತಿದ್ದರು. ಅವಳು ಆರಾಮಾಗಿ ಉಸಿರು ಬಿಡುತ್ತ ಹೊಡೆಯುತ್ತಿದ್ದಳು. ನನ್ನ ಬೆನ್ನು ನಡುಗುತ್ತಿತ್ತು. ಕೊನೆಕೊನೆಗೆ ನನ್ನ ಗುಂಡುಗಳು ಕಾಗದದ ಅಂಚಿಗೆ ಬೀಳತೊಡಗಿದವು. ಆ ಹುಡುಗಿಯ ತರಬೇತಿದಾರ ನನ್ನನ್ನು ಒಂದಿಷ್ಟು ಹೊತ್ತು ನೋಡಿ, "ಯಾರ ಬಂದೂಕವಾ ಇದು? ನಿಮ್ಮಪ್ಪಂದ ಎತಗೊಂಡ ಬಂದಿಯೇನ?" ಅಂದ. ಸುತ್ತಲಿದ್ದವರು ನಕ್ಕರು. ಕಾಕಾ ಅಲ್ಲೇ ಹಿಂದೆ ನಿಂತಿದ್ದರು.

ಸೋತೆ. ಅದು ಹೋಗಲಿ, ಸೋಲು ಗೆಲುವು ಇದ್ದದ್ದೇ. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ, ಕೊಲ್ಹಾರದ ಸೇತುವೆಯ ಮೇಲೆ, ಕಾಕಾ ಎಲ್ಲ ಹುಡುಗರ ಮುಂದೆ ಒಮ್ಮೆಗೇ ಅಂದರು. "ಕೈ ಗಿಡ್ಡ ಇದ್ದಾಕಿ ಮನ್ಯಾಗ ರೊಟ್ಟಿ ಬಡೀಬೇಕು. ಬಂದೂಕ ಹಿಡದು ನನ್ನ ಮಾನ ತೆಗೀಬಾರದು."

ಹುಡುಗರು ಕಿಸಕ್ಕನೆ ನಕ್ಕರು. ಕೃಷ್ಣೆ ತುಂಬಿ ಹರಿಯುತ್ತಿದ್ದಳು. ನಾನು ಕಿಟಕಿಯಿಂದಾಚೆ ಆ ಕೆಂಪು ನೀರನ್ನು ನೋಡುತ್ತ ಕೂತೆ, ಊರು ಬರುವ ತನಕ ಮುಖ ತಿರುಗಿಸಲಿಲ್ಲ. ಮರುದಿನದಿಂದ ಗೋದಾಮಿನ ಕಡೆ ಕಾಲಿಡಲಿಲ್ಲ.

ಆ ಸಲದ ದಸರೆಗೆ ಅವ್ವ ಎರಡೆರಡು ಸಲ ಹೇಳಿದಳು, "ಹವಾಲ್ದಾರ ಕಾಕಾಗ ಬನ್ನಿ ಕೊಟ್ಟ ಬಾ, ಹಿರ್ಯಾರ ಮ್ಯಾಲ ಸಿಟ್ಟ ಇಟಗೋಬಾರದು." ನಾನು ಓಣಿಯ ಎಲ್ಲ ಮನೆಗಳಿಗೂ ಹೋದೆ, ಅವರ ಮನೆಯೊಂದನ್ನು ಬಿಟ್ಟು. ಆ ಮನೆಯ ಮುಂದೆಯೇ ಹಾದುಹೋದೆ, ಬೇಕಂತಲೇ. ಅವರು ಕಟ್ಟೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಹಳದಿ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಸ್ತು. ಹಬ್ಬದ ದಿನವೂ ಬಂದೂಕಿನ ಪ್ರದರ್ಶನ ಬೇರೆ ಎಂದು ಮನಸ್ಸಿನಲ್ಲೇ ಬೈದುಕೊಂಡು ಕತ್ತು ಆಚೆ ತಿರುಗಿಸಿದೆ. ಹೋಗಬೇಕಿತ್ತೇ? ಇಲ್ಲ. ಈಗಲೂ ಇಲ್ಲವೆಂದೇ ಅನ್ನುತ್ತೇನೆ. ಮಾತು ಬೀಸಿ ಒಗೆದವರು ಅವರು, ಕಾಲಿಗೆ ಬೀಳಬೇಕಾದವಳು ನಾನೇ?

ಆಮೇಲೆ ನಾನು ಬೆಳೆದೆ. ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಅವ್ವನನ್ನೂ ಮೀರಿಸಿದೆ, ಲಂಗಗಳೆಲ್ಲ ಒಂದೇ ವರ್ಷದಲ್ಲಿ ಮೇಲೇರಿದವು. ವಿಜಾಪುರದಲ್ಲಿ ಓದಿ, ದೈಹಿಕ ಶಿಕ್ಷಕಿಯಾಗಿ, ಕೊನೆಗೆ ಬಾಗೇವಾಡಿಗೆ ಬಂದು ನಿಂತೆ. ಗುರಿಯ ಹುಚ್ಚು ಮಾತ್ರ ಬಿಡಲಿಲ್ಲ. ಈಗ ಶಾಲೆಯ ಹಿಂದಿನ ಕೋಣೆಯಲ್ಲಿ ನಾನೂ ಮಕ್ಕಳಿಗೆ ಕಲಿಸುತ್ತೇನೆ. ಈಗಿನ ಬಂದೂಕುಗಳಿಗೆ ಕರಗಸವೂ ಬೇಡ, ಪೂಜೆಯ ತಕರಾರೂ ಇಲ್ಲ. ಒಂದು ಚಾವಿ ತಿರುಗಿಸಿದರೆ ಬಟ್ಟು ಹಿಂದೆ ಮುಂದೆ ಸರಿಯುತ್ತದೆ. ಹೊಸದಾಗಿ ಬಂದ ಮಗುವಿಗೆ ನಾನು ಮೊದಲು ಗುರಿ ಹೇಳಿಕೊಡುವುದಿಲ್ಲ. ಬಂದೂಕನ್ನು ಎತ್ತಿ ನಿಲ್ಲಿಸಿ, ಬಟ್ಟಿನ ತುದಿಯನ್ನು ಮಡಿಚಿದ ಮೊಳಕೈಯ ಒಳಗೆ ಇಡಿಸುತ್ತೇನೆ. ತೋರುಬೆರಳು ಸುಮ್ಮನೆ ಹೋಗಿ ಟ್ರಿಗರಿನ ಮೇಲೆ ಕೂಡಬೇಕು. ಕೂಡುವ ತನಕ ಒಂದು ಗುಂಡೂ ಹಾರಿಸಲು ಬಿಡುವುದಿಲ್ಲ.

ಕಾಕಾ ತೀರಿಕೊಂಡಾಗ ಸುದ್ದಿ ಬಂದಿತ್ತು. ಮಣ್ಣಿಗೆ ಹೋಗಲಿಲ್ಲ. ಕೆಲವು ತಿಂಗಳ ನಂತರ ಅವರ ಸೊಸೆ ಫೋನು ಮಾಡಿದರು. ಚಿಕ್ಕಂದಿನಿಂದ ನಾನು ವೈನಿ ಎಂದು ಕರೆಯುತ್ತಿದ್ದವರು. ಮನೆ ಒಡೆದು ಕಟ್ಟಿಸುತ್ತಿದ್ದೇವೆ, ನಿನ್ನದೊಂದು ಸಾಮಾನು ಇದೆ, ಬಂದು ಒಯ್ಯಿ ಅಂದರು. ನನ್ನದೇನು ಸಾಮಾನು ಅವರ ಮನೆಯಲ್ಲಿ? ಅವ್ವ ಯಾವಾಗಲೋ ಕೊಟ್ಟ ಪಾತ್ರೆ ಇರಬೇಕು ಅಂದುಕೊಂಡು ಇಂಡಿಗೆ ಹೋದೆ.

ವೈನಿ ಒಳಗಿನಿಂದ ತಂದು ನನ್ನ ತೊಡೆಯ ಮೇಲಿಟ್ಟರು. ಹಳದಿ ಬಟ್ಟೆ. ಬಿಚ್ಚುವ ಮೊದಲೇ ವಾಸನೆ ಬಂತು.

"ನೀ ಬರೂದು ಬಿಟ್ಟ ವರ್ಷ ಮಹಾನವಮಿ ಮುಂಜಾನಿ ಬಡಿಗ್ಯಾರನ್ನ ಕರಿಸಿ ಬಟ್ಟು ಕೊಯ್ಸಿದ್ರವಾ" ಅಂದರು ವೈನಿ. "ಹಿಡಿ ಮಾತ್ರ ತಾವ ಕುಂತು ಕೆತ್ತಿದ್ರು. ಕರಗಸ ಹಚ್ಚೂ ಮುಂದ ಕೈ ಮುಗದ್ರು ನೋಡು, ಕಣ್ಣಾಗ ನೀರು. ನಾಳಿ ಬನ್ನಿ ಕೊಡಾಕ ಬರ್ತಾಳ, ಆವಾಗ ಕೊಡ್ತೇನಿ ಅಂದ್ರು. ಎಷ್ಟೋ ದಸರಾ ಹಿಂಗ ತೊಡಿ ಮ್ಯಾಲ ಇಟಗೊಂಡು ಕಟ್ಟಿ ಮ್ಯಾಲ ಕುಂತ್ರು. ಬ್ಯಾರೆ ಯಾರಿಗೂ ಮುಟ್ಟಾಕ ಕೊಡಲಿಲ್ಲ."

"ಒಂದ ಮಾತು ಹೇಳಿ ಕಳಸಾಕ ಏನಾಗಿತ್ರಿ ವೈನಿ? ನಮ್ಮನಿ ಎಷ್ಟು ದೂರಿತ್ತು?"

"ಹಿರ್ಯಾರು ತಾವಾಗೇ ಹೆಂಗ ಬರ್ತಾರವಾ? ಸಣ್ಣಾಕಿ, ನೀ ಬರಬೇಕಿತ್ತು."

ಅವರು ಅದನ್ನು ಬೈಯಲೆಂದು ಹೇಳಲಿಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವಷ್ಟು ಸಹಜವಾಗಿ ಹೇಳಿ ಚಹಾ ಇಡಲು ಎದ್ದು ಹೋದರು.

ನನಗೆ ಸಿಟ್ಟು ಇಳಿಯಬೇಕಿತ್ತು ಎಂದು ನೀವು ಅನ್ನಬಹುದು. ಇಳಿಯಲಿಲ್ಲ, ನೆತ್ತಿಗೇರಿತು. ಮೊದಲು ಇದ್ದದ್ದು ಅವರು ಕೊಯ್ಯಲಿಲ್ಲ ಎಂಬ ಸಿಟ್ಟು. ಈಗ ಕೊಯ್ದೂ ಕೊಡಲಿಲ್ಲ ಎಂಬುದು. ದೇವರೆಂದು ಪೂಜಿಸಿದ ಕಟ್ಟಿಗೆಯನ್ನು ಕೊಯ್ಯಿಸಲು ಮನಸ್ಸು ಬಂತು, ನಾಲ್ಕು ಮನೆ ದಾಟಿ ಒಂದು ಹುಡುಗಿಯನ್ನು ಕೂಗಿ ಕರೆಯಲು ಬರಲಿಲ್ಲ. ಇದೆಂಥ ದೊಡ್ಡಸ್ತಿಕೆ?

ಬಾಗೇವಾಡಿಗೆ ತಂದು, ಬಾಗಿಲು ಹಾಕಿಕೊಂಡು, ಬಟ್ಟನ್ನು ಮೊಳಕೈಗೆ ಆನಿಸಿ ನೋಡಿದೆ. ನನ್ನ ಬೆರಳು ಟ್ರಿಗರ್ ದಾಟಿ ಬಹಳ ಮುಂದೆ ಹೋಯಿತು. ಹಿಡಿಕೆಯನ್ನು ಸಣ್ಣಗೆ ಕೆತ್ತಿದ್ದರು, ಹೆಬ್ಬೆರಳಿಗೆ ಒಂದು ತಗ್ಗು ಮಾಡಿದ್ದರು, ಬೆಳಗಾವಿಯ ಆ ಹುಡುಗಿಯ ಬಂದೂಕಿನಲ್ಲಿ ಇದ್ದಂಥದೇ. ನೋಡಿದ್ದರು ಹಾಗಾದರೆ... ಆ ತಗ್ಗಿನಲ್ಲಿ ನನ್ನ ಹೆಬ್ಬೆರಳು ಈಗ ಹಿಡಿಸುವುದಿಲ್ಲ. ಅದರ ಅಳತೆಗೆ ಬೆಳಿ ಅಂದಿದ್ದರು, ಬೆಳೆದೆ. ಅವರು ಅಷ್ಟರೊಳಗೆ ಅದನ್ನು ನನ್ನ ಆಗಿನ ಅಳತೆಗೆ ಕೊಯ್ದು, ಬಟ್ಟೆ ಸುತ್ತಿ, ಕಾದು ಕೂತಿದ್ದರು. ಅಡುಗೆಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಒಂಬತ್ತನೇ ತರಗತಿಯಲ್ಲಿ ಅಳದೆ ಬಿಟ್ಟದ್ದೂ ಅದರಲ್ಲಿ ಸೇರಿತ್ತು.

ಈ ಸಲ ದಸರೆಗೆ ಒಂದು ತಿಂಗಳ ಮುಂಚೆ ನನ್ನ ಒಬ್ಬ ವಿದ್ಯಾರ್ಥಿನಿಗೆ ಎಲ್ಲರೆದುರು ಬೈದಿದ್ದೆ. ನನ್ನ ನಾಲಿಗೆಯೂ ಒಳ್ಳೆಯದಲ್ಲ. ಅವಳು ಬರುವುದನ್ನು ನಿಲ್ಲಿಸಿದಳು. ದಸರೆಯ ಸಂಜೆ ಉಳಿದ ಮಕ್ಕಳು ಬನ್ನಿ ಕೊಟ್ಟು ಹೋದ ಮೇಲೆ, ನಾನೇ ಒಂದು ಹಿಡಿ ಬನ್ನಿ ಹಿಡಿದು ಬಸ್ಸು ಹತ್ತಿ ಮನಗೂಳಿಗೆ ಹೋದೆ. ಅವಳ ತಾಯಿ ಬಾಗಿಲಲ್ಲಿ ಗಾಬರಿಯಾದರು.

"ಅಯ್ಯ ಟೀಚರ, ನೀವ್ಯಾಕ ಬಂದ್ರಿ? ನಾವ ಬರಬೇಕಲ್ರಿ ನಿಮ್ಮನಿಗೆ!"

"ನೀವು ಬರೂ ತನಕ ಹುಡುಗಿ ಕೈ ಉದ್ದ ಆಗಿಬಿಡ್ತಾವ್ರಿ" ಅಂದೆ. ಆ ತಾಯಿಗೆ ಅರ್ಥವಾಗಲಿಲ್ಲ.

ಹುಡುಗಿ ಮುಖ ಊದಿಸಿಕೊಂಡೇ ಹೊರಗೆ ಬಂದಳು. ಬನ್ನಿ ಅವಳ ಕೈಗಿಟ್ಟೆ. ಸೋಮವಾರದಿಂದ ಬರುತ್ತೇನೆ ಅಂದಳು. ಇದು ನನ್ನ ಒಳ್ಳೆಯತನವೆಂದು ಮನಗೂಳಿಯಲ್ಲಿ ಎರಡು ದಿನ ಮಾತಾಡಿಕೊಂಡರಂತೆ. ಒಳ್ಳೆಯತನವೂ ಅಲ್ಲ, ಮಣ್ಣೂ ಅಲ್ಲ. ಅದು ಕಾಕಾನ ಮೇಲಿನ ಹಠ. ಹಿರಿಯರು ಹೀಗೂ ಬರಬಹುದಿತ್ತು ಎಂದು ಅವರಿಗೆ ತೋರಿಸಬೇಕಿತ್ತು. ನೋಡಲು ಅವರಿಲ್ಲ. ಇದ್ದಿದ್ದರೆ ಅದೇ ಕಟ್ಟೆಯ ಮುಂದೆ ನಿಂತು, ಓಣಿಗೆಲ್ಲ ಕೇಳುವ ಹಾಗೆ ಜಗಳ ತೆಗೆಯುತ್ತಿದ್ದೆ, ಆಮೇಲೆ ಬನ್ನಿ ಕೊಡುತ್ತಿದ್ದೆ. ಬಂದೂಕು ನನ್ನ ಕಪಾಟಿನ ಮೇಲಿದೆ. ಕಟ್ಟಿಗೆ ಒಣಗಿ ಬಿರಿಯಬಾರದಲ್ಲ, ಅದಕ್ಕೆ ರವಿವಾರ ಎಣ್ಣೆ ತಿಕ್ಕುತ್ತೇನೆ, ಬೈಯುತ್ತಲೇ.