ತೊಳೆಯದೆ ಕೂತ ಹೊತ್ತು

ನಿನ್ನೆ ರೇಷ್ಮೆ ಸೀರೆ ಒಗೆಯೋಣವೆಂದು ಅಂಟುವಾಳದ ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದೆ. ಕಿವುಚಿದಾಗ ನೊರೆಯೆದ್ದು ಆ ಒಗರು ವಾಸನೆ ಮೂಗಿಗೆ ಬಡಿಯಿತು. ನಿಮಗೆ ಹೇಗೋ, ನನಗಂತೂ ಈಗೀಗ ಜನರ ಹೆಸರು, ಕನ್ನಡಕ ಇಟ್ಟ ಜಾಗ ಎಲ್ಲ ಮರೆತುಹೋಗುತ್ತದೆ. ವಾಸನೆ ಮಾತ್ರ ಮರೆಯುವುದಿಲ್ಲ. ಸೀರೆಯನ್ನು ಅಲ್ಲೇ ಬಿಟ್ಟು ಬಚ್ಚಲ ಕಟ್ಟೆಯ ಮೇಲೆ ಕೂತೆ. ಕಣ್ಣ ಮುಂದೆ ಎರಡು ಕೈಗಳು ಬಂದವು. ಬೆರಳ ಸಂದಿಗಳಲ್ಲಿ ಬಿರಿದು, ಗೆಣ್ಣಿನ ಮೇಲೆ ನೆತ್ತರು ಜಿನುಗುತ್ತಿದ್ದ ಕೈಗಳು. ನನ್ನ ನಾದಿನಿ ವನಜಳವು.

ಅರವತ್ತರ ದಶಕದ ನಡುವಿನ ಮಾತು. ನಾನು ತೀರ್ಥಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ವನಜ ನಮ್ಮ ಯಜಮಾನರ ತಂಗಿ, ಹೊಸನಗರಕ್ಕೆ ಕೊಟ್ಟಿದ್ದರು. ಅವಳ ಚೊಚ್ಚಲ ಗಂಡುಮಗು ಏಳು ತಿಂಗಳದ್ದು ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಿತ್ತು. ಮಾತಾಡಿಸಲು ಬಂದವರಲ್ಲಿ ಯಾರೋ ಒಬ್ಬರು, ‘ತಾಯಿ ಕೈ ಶುದ್ಧ ಇರ್ಬೇಕಪ್ಪ, ಇಲ್ದಿದ್ರೆ ಹಿಂಗೇ’ ಎಂದರಂತೆ. ಅಂದವರು ಅಂದು ಎದ್ದು ಹೋದರು. ಮಾತು ಇವಳ ಹತ್ತಿರ ಉಳಿಯಿತು.

ಎರಡನೆಯ ಬಸಿರಿಗೆ ವನಜ ತವರಿಗೆ ಬಂದಳು. ಹೆಣ್ಣು ಮಗುವಾಯಿತು. ಪುರುಡು ಕಳೆದದ್ದೇ ತಡ, ಅವಳ ತೊಳೆಯುವುದು ಶುರುವಾಯಿತು. ಬಾಗಿಲು ಮುಟ್ಟಿದರೆ ತೊಳೆದಳು, ಚೊಂಬು ಮುಟ್ಟಿದರೆ ತೊಳೆದಳು, ತೊಳೆದ ಮೇಲೆ ಆ ಕೈಗೆ ಬಾವಿಹಗ್ಗ ತಾಗಿತೆಂದು ಮತ್ತೆ ತೊಳೆದಳು. ಬೇರೆ ಯಾವ ಮನೆಯಲ್ಲಾದರೂ ಇದು ಮೂರೇ ದಿನದಲ್ಲಿ ಕಣ್ಣಿಗೆ ಬೀಳುತ್ತಿತ್ತೇನೋ. ನಮ್ಮದು ಮಡಿಯ ಮನೆ. ನಮ್ಮತ್ತೆಯವರ ಮಡಿ ಇಡೀ ಕೇರಿಗೇ ಹೆಸರುವಾಸಿ. ನಾನೋ, ಆ ವಿಷಯದಲ್ಲಿ ಶುದ್ಧ ದಡ್ಡಿ. ಮಡಿಸೀರೆ ಉಟ್ಟುಕೊಂಡೇ ಹಾಸಿಗೆಯ ಮೂಲೆ ತುಳಿದು ದಿನಕ್ಕೊಂದು ಬೈಗುಳ ತಿನ್ನುವವಳು. ‘ವನಜನ್ನ ನೋಡಿ ಕಲಿ’ ಎಂದು ಅತ್ತೆ ಹೇಳುತ್ತಿದ್ದರು. ಪಕ್ಕದ ಮನೆಯವರು ಬೇಲಿಯಾಚೆಯಿಂದ, ‘ಎಂತ ಮಡಿ ಮಾರಾಯ್ತಿ ನಿನ್ನ ಮಗಳದ್ದು! ಈ ಕಾಲದಲ್ಲಿ ಯಾರಿದಾರೆ ಹಿಂಗೆ?’ ಎನ್ನುವಾಗ ಅತ್ತೆಯ ಮುಖ ಅರಳುತ್ತಿತ್ತು. ನಾವೆಲ್ಲ ಸೇರಿ ಒಂದು ಕಾಯಿಲೆಗೆ ಶಹಭಾಸ್ ಹೇಳುತ್ತಿದ್ದೆವು.

ನನ್ನ ಪಾಲೂ ಇದೆ. ಬಾವಿಯಿಂದ ನೀರು ಸೇದಿ, ಅಂಟುವಾಳದ ನೊರೆ ಮಾಡಿ ಕೊಡುತ್ತಿದ್ದವಳು ನಾನೇ. ಬಾಣಂತಿ ಬಗ್ಗಬಾರದು ಎಂಬ ಪ್ರೀತಿ. ‘ಶುದ್ಧ ಆಯ್ತಾ ಅತ್ತಿಗೆ?’ ಎಂದು ಅವಳು ಕೈ ಚಾಚುತ್ತಿದ್ದಳು. ‘ಆಯ್ತು ಕಣೇ, ಫಳಫಳ ಅಂತಿದೆ’ ಎನ್ನುತ್ತಿದ್ದೆ. ಮುಖ ಒಂದು ಕ್ಷಣ ತಿಳಿಯಾಗುತ್ತಿತ್ತು. ಆಮೇಲೆ ಮತ್ತೆ, ‘ಸರಿಯಾಗಿ ನೋಡಿದ್ರಾ?’

ಒಂದು ಬೆಳಿಗ್ಗೆ ಬಾಣಂತಿಕೋಣೆಗೆ ಹೋದಾಗ ಕಂಡದ್ದನ್ನು ಹೇಗೆ ಹೇಳಲಿ? ಅತ್ತೆ ಮಗುವನ್ನೆತ್ತಿ ಅವಳ ಎದೆಗೆ ಹಿಡಿದಿದ್ದರು. ಮಗು ಚೀಪುತ್ತಿತ್ತು. ವನಜ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಂಡು, ಗೋಡೆ ನೋಡುತ್ತ ಕೂತಿದ್ದಳು. ಮೂರು ತಿಂಗಳ ಕೂಸನ್ನು ಅವಳು ಒಂದು ಸಲವೂ ಎತ್ತಿಕೊಂಡಿಲ್ಲವೆಂಬುದು ನನಗೆ ಆಗ ಹೊಳೆಯಿತು. ಅತ್ತೆಗೆ ಮೊದಲೇ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಒಳಗೊಳಗೇ ವಿಭೂತಿ, ತಾಯಿತ ಎಲ್ಲ ಆಗಿಹೋಗಿತ್ತು.

ಅದೇ ವಾರ ಹೊಸನಗರದಿಂದ ಕಾಗದ ಬಂತು. ಐದನೆಯ ತಿಂಗಳಿಗೆ ತಾಯಿಮಗುವನ್ನು ಕರೆದುಕೊಂಡು ಹೋಗಲು ಬರುತ್ತೇವೆ. ವನಜಳಿಗೆ ಮೈ ಸರಿಯಿಲ್ಲವೆಂದು ಕೇಳಿದೆವು, ಹಾಗಿದ್ದರೆ ಅವಳು ಅಲ್ಲೇ ಇರಲಿ, ಮಗುವನ್ನು ನಾವು ಸಾಕಿಕೊಳ್ಳುತ್ತೇವೆ, ಎಂದಿತ್ತು. ಅತ್ತೆ ಕಾಗದವನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

ಸಾಗರದಲ್ಲಿ ಒಬ್ಬ ಡಾಕ್ಟರಿದ್ದಾರೆ, ಹಿಂದೆ ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು ಎಂದು ಯಜಮಾನರು ವಿಚಾರಿಸಿಕೊಂಡು ಬಂದರು.

‘ಹುಚ್ಚಿನ ಡಾಕ್ಟ್ರಾ? ನನ್ನ ಮಗಳಿಗಾ?’ ಅತ್ತೆ ಎದ್ದು ನಿಂತರು.

‘ಮತ್ತೆ ಮೊಮ್ಮಗಳನ್ನ ಕಳಿಸ್ತೀಯಾ?’ ಎಂದರು ಇವರು. ಅತ್ತೆ ಕೂತರು.

ಕೇರಿಯವರಿಗೆ ಸಾಗರದ ಪಕ್ಕದ ಇಕ್ಕೇರಿ ದೇವರ ಹರಕೆಯೆಂದು ಹೇಳಿ ಹೊರಟೆವು. ಬಸ್ಸು ಹೊಸನಗರದ ಮೇಲೇ ಹೋಗಬೇಕು. ಅಲ್ಲಿ ನಿಂತಷ್ಟು ಹೊತ್ತೂ ವನಜ ಸೆರಗು ಮುಖಕ್ಕೆಳೆದುಕೊಂಡು ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡಿದ್ದಳು; ಗಂಡನ ಮನೆಯಿದ್ದದ್ದು ನಿಲ್ದಾಣದ ಹಿಂದಿನ ಬೀದಿಯಲ್ಲೇ. ಮಗು ನನ್ನ ತೊಡೆಯ ಮೇಲಿತ್ತು.

ಡಾಕ್ಟರು ಮೊದಲು ಕೈ ನೋಡಲಿಲ್ಲ. ‘ತೊಳೀದೇ ಇದ್ರೆ ಎಂತ ಆಗುತ್ತೆ ಅನ್ಸುತ್ತಮ್ಮ ನಿಮ್ಗೆ?’ ಎಂದು ಕೇಳಿದರು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನಮಗ್ಯಾರಿಗೂ ಆ ಪ್ರಶ್ನೆ ತೋಚಿರಲಿಲ್ಲ.

ವನಜ ನನ್ನ ತೊಡೆಯ ಮೇಲಿದ್ದ ಮಗುವನ್ನು ನೋಡಿ, ‘ಇದೂ ಸಾಯ್ತದೆ’ ಎಂದಳು.

ಯಜಮಾನರು ಎದ್ದು ಹೊರಗೆ ಹೋದರು. ಡಾಕ್ಟರು ನಿಧಾನವಾಗಿ ಹೇಳಿದರು: ‘ಭಯ ಏರುತ್ತೆ. ಏರಿದ್ದು ತಾನಾಗೇ ಇಳಿಯುತ್ತೆ. ಇಳಿಯೋದನ್ನ ನೀವು ನೋಡೇ ಇಲ್ಲ, ಅಷ್ಟರಲ್ಲೇ ನೀರು ಹಾಕ್ಕೊಂಡ್ಬಿಡ್ತೀರಿ. ದಿನಾ ಒಂದನ್ನ ಮುಟ್ಟಿ. ತೊಳೀಬೇಡಿ. ಇಳಿಯೋ ತನಕ ಕೂತ್ಕೊಳ್ಳಿ. ಕಡಿಮೆ ಭಯದ್ದು ಮೊದಲು, ಮಗು ಕೊನೇಗೆ.’ ನನ್ನ ಕಡೆ ತಿರುಗಿ, ‘ನೀವು ಪಕ್ಕದಲ್ಲಿರಿ. ನೀರು ಕೊಡ್ಬೇಡಿ. ಏನೂ ಆಗಲ್ಲ ಅಂತಾನೂ ಹೇಳ್ಬೇಡಿ’ ಎಂದರು.

‘ಧೈರ್ಯ ಹೇಳೋದೂ ಬೇಡ್ವಾ?’

‘ಆ ಮಾತೂ ಒಂದು ಚೊಂಬು ನೀರೇ ತಾಯಿ.’

ಹೇಳಿದ್ದು ಸುಳ್ಳಾಗಬಾರದೆಂದು ಇಕ್ಕೇರಿಗೂ ಹೋಗಿ ಮಂಗಳಾರತಿ ಮಾಡಿಸಿಯೇ ಊರಿಗೆ ಬಂದೆವು. ನನ್ನ ಪುಕ್ಕಲುತನ ಅಂಥದ್ದು.

ಮನೆಯಲ್ಲಿ ಹೊಸ ತೊಡಕು. ಡಾಕ್ಟರು ಬರೆಸಿದ ಪಟ್ಟಿಯಲ್ಲಿ ಹೊಸಿಲು, ಕಸಬರಿಗೆ, ಚಪ್ಪಲಿ ಎಲ್ಲ ಇದ್ದವು. ಕಸಬರಿಗೆ ಮುಟ್ಟಿ ತೊಳೆಯದ ಕೈ ಅತ್ತೆಯ ಮನೆಯಲ್ಲಿ! ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮರುದಿನ ದೇವರ ಮನೆಗೆ ಚಿಲಕ ಹಾಕಿ, ‘ಅದೊಂದು ಬಿಟ್ಟು ಎಲ್ಲಿ ಬೇಕಾದ್ರೂ ಮುಟ್ಟಿಕೊಳ್ಳಿ. ಪಾಪ ಬಂದ್ರೆ ನನಗೆ ಬರ್ಲಿ’ ಎಂದರು. ಆ ಹೆಂಗಸಿಗೆ ಅದೆಷ್ಟು ದೊಡ್ಡ ಮಾತೆಂದು ಇಂದಿನವರಿಗೆ ತಿಳಿಸುವುದು ಕಷ್ಟ.

ನಾವು ಹಿತ್ತಿಲ ಸೌದೆಮನೆಯಲ್ಲಿ ಕೂರುತ್ತಿದ್ದೆವು. ಯಜಮಾನರ ಕೈಗಡಿಯಾರ ನನ್ನ ಮುಂದೆ, ತೊಡೆಯ ಮೇಲೆ ಅಕ್ಕಿಯ ಮೊರ. ಸುಮ್ಮನೆ ಕೂರುವ ವಿದ್ಯೆ ನನಗಿಲ್ಲ. ವನಜ ಹೊಸಿಲು ಮುಟ್ಟಿ ಬಂದು, ಕೈಯನ್ನು ಕೆಂಡ ಹಿಡಿದವಳ ಹಾಗೆ ದೂರಕ್ಕೆ ಚಾಚಿ ಕೂತಳು. ತುಟಿ ಬಿಳಿಚಿತು. ಕುತ್ತಿಗೆಯ ಮೇಲೆ ಬೆವರು. ‘ಅತ್ತಿಗೆ, ಏನೂ ಆಗಲ್ಲ ಅಲ್ವಾ?’ ಎಂದಳು. ನಾನು ಅಕ್ಕಿ ನೋಡಿದೆ. ‘ಒಂದ್ಸಲ ಹೇಳಿ ಅತ್ತಿಗೆ.’ ಆ ಮೊರದಲ್ಲಿ ಆರಿಸಲು ಒಂದು ಕಲ್ಲೂ ಉಳಿದಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಅವಳ ಕೈ ತಾನಾಗಿ ತೊಡೆಯ ಮೇಲೆ ಇಳಿಯಿತು.

ನಾಲ್ಕನೆಯ ದಿನ ಕಸಬರಿಗೆ. ಅವಳು ನನ್ನ ಕಾಲು ಹಿಡಿದುಕೊಂಡು ಅತ್ತಳು. ತಡೆಯಲಾರದೆ ಬಾವಿಕಟ್ಟೆಯಿಂದ ನೀರು ತಂದುಕೊಟ್ಟೆ. ಮರುದಿನ ಅವಳಿಂದ ಹೊಸಿಲು ಕೂಡ ಮುಟ್ಟಲಾಗಲಿಲ್ಲ. ಮತ್ತೆ ಸಾಗರಕ್ಕೆ ಹೋದಾಗ ಡಾಕ್ಟರಿಗೆ ಒಪ್ಪಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ. ‘ಅವರ ಸಂಕಟ ನಿಮಗೆ ನೋಡೋಕಾಗ್ಲಿಲ್ಲ. ನಿಮ್ಮ ಸಂಕಟ ಇಳಿಸ್ಕೊಳ್ಳೋಕೆ ಅವರಿಗೆ ನೀರು ಕೊಟ್ರಿ. ಎಲ್ಲ ಮನೇಲೂ ಹಿಂಗೇ ಆಗೋದು’ ಎಂದಷ್ಟೇ ಹೇಳಿದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಮತ್ತೆ ಹೊಸಿಲಿನಿಂದಲೇ ಶುರು ಮಾಡಿದೆವು. ಕಸಬರಿಗೆ ಆಯಿತು, ಚಪ್ಪಲಿ ಆಯಿತು. ಹೊಸನಗರದವರು ಬರಲು ಎಂಟೇ ದಿನವಿತ್ತು. ಅವತ್ತು ಮಧ್ಯಾಹ್ನ ತೊಟ್ಟಿಲಲ್ಲಿ ಮಗು ಒದ್ದೆ ಮಾಡಿಕೊಂಡು ಕಿರುಚತೊಡಗಿತು. ನಾನು ಏಳಲು ಹೋದೆ. ವನಜ ಬೇಡವೆಂದು ತಲೆಯಾಡಿಸಿದಳು. ಎದ್ದು ಹೋಗಿ ಒದ್ದೆ ಬಟ್ಟೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದಳು. ಆಮೇಲೆ ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಂಡಳು.

ಎತ್ತಿ ಅಭ್ಯಾಸವಿರಲಿಲ್ಲ. ಮಗುವಿನ ತಲೆ ಹಿಂದಕ್ಕೆ ವಾಲಿತು. ಗಾಬರಿಯಾಗಿ ಎದೆಗೆ ಒತ್ತಿಕೊಂಡಳು. ‘ಏನಾದ್ರೂ ಆದ್ರೆ ಅತ್ತಿಗೆ?’ ಎಂದಳು. ನಾನು ಹೇಳಲಿಲ್ಲ. ಹೇಳಲು ನನಗೇನು ಗೊತ್ತಿತ್ತು? ಅತ್ತೆ ಬಾಗಿಲಲ್ಲಿ ನಿಂತಿದ್ದರು, ಹಿಟ್ಟಿನ ಕೈ ಹಾಗೇ ಇತ್ತು. ಒಳಗೆ ಬರಲಿಲ್ಲ. ವನಜ ಅಳುತ್ತ ಅಳುತ್ತ ಮಗುವಿಗೆ ಹಾಲು ಕೊಟ್ಟಳು. ಗಡಿಯಾರ ನೋಡಲು ನಾನು ಮರೆತೆ.

ಹೊಸನಗರದವರು ಬಂದು ತಾಯಿಮಗುವನ್ನು ಕರೆದುಕೊಂಡು ಹೋದರು. ಬಸ್ಸಿನಲ್ಲಿ ಕೂಸು ಅವಳ ತೊಡೆಯ ಮೇಲೇ ಇತ್ತು. ಆಮೇಲೆ ಎಲ್ಲ ಸರಿಹೋಯಿತೆಂದು ಬರೆದರೆ ನಿಮಗೆ ಸಮಾಧಾನವಾಗುತ್ತದೆ, ಆದರೆ ಹಾಗಾಗಲಿಲ್ಲ. ಎರಡು ಸಲ ಮರುಕಳಿಸಿತು. ಎರಡು ಸಲವೂ ಅವಳೇ ಕೂತು ಇಳಿಸಿಕೊಂಡಳು. ಪಕ್ಕದಲ್ಲಿ ಗಂಡ ಕೂತಿದ್ದರಂತೆ.

ಇಷ್ಟನ್ನು ನೆನೆಯುತ್ತ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದವಳಿಗೆ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಮನೆಗೆ ಸೊಸೆ ಬಂದು ಆರು ತಿಂಗಳು. ಬಂದವರೆಲ್ಲ ಹೊಗಳುತ್ತಾರೆ: ‘ಎಷ್ಟು ಗಂಭೀರ ಹುಡುಗಿ! ಇದ್ದಾಳೋ ಇಲ್ವೋ ಗೊತ್ತಾಗಲ್ಲ. ಪುಣ್ಯ ಮಾಡಿದ್ರಿ ನೀವು.’ ಕೇಳಿ ನಾನೂ ಹಿಗ್ಗಿದ್ದೇನೆ. ಮದುವೆಯ ದಿನ ಗೆಳತಿಯರ ನಡುವೆ ಅವಳು ಗಲಗಲ ನಗುತ್ತಿದ್ದದ್ದನ್ನು ಕಂಡವಳೇ ನಾನು. ಆ ನಗು ಈ ಮನೆಯಲ್ಲಿ ಒಂದು ದಿನವೂ ಕೇಳಿಸಿಲ್ಲವಲ್ಲ ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಕೈ ಒರೆಸಿಕೊಂಡು ಅಡುಗೆಮನೆಗೆ ಹೋದೆ. ಅವಳು ಈಳಿಗೆಮಣೆಯ ಮೇಲೆ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ‘ಎಂತ ಬೇಕಿತ್ತು ಅತ್ತೆ?’ ಎಂದು ಏಳಹೋದಳು. ‘ಎಂತದೂ ಬೇಡ, ಕೂತ್ಕೊ’ ಎಂದು ಪಕ್ಕದಲ್ಲೇ ನೆಲದ ಮೇಲೆ ಕೂತು ನಾರು ತೆಗೆಯತೊಡಗಿದೆ. ಏನೂ ಕೇಳಲಿಲ್ಲ, ಧೈರ್ಯವನ್ನೂ ಹೇಳಲಿಲ್ಲ. ಅರ್ಧ ಬುಟ್ಟಿ ಮುಗಿಯಿತು. ಅವಳ ಕೈ ನಿಂತಿತು.

‘ಅತ್ತೆ,’ ಎಂದಳು, ತಲೆಯೆತ್ತದೆ, ‘ಒಂದು ಮಾತು ಹೇಳ್ಲಾ?’